ಅಳಿಯ ಎಂಬ ಹುಂಜದ ವಿಚಾರದಲ್ಲಿ ಹೊಲಿಗೆ ಅಕ್ಕನ ಹೇಳಿಕೆ

ಓಣಿಯವರೆಲ್ಲ ಹೊಲಿಗೆ ಅಕ್ಕ ಎಂದು ಕರೆಯುವ ನಾನು, ವಯಸ್ಸು 49 ವರ್ಷ, ಉದ್ಯೋಗ ಬಟ್ಟೆ ಹೊಲಿಯುವುದು, ವಾಸ ಹಿಟ್ಟಿನ ಗಿರಣಿಯ ಹಿಂದಿನ ಓಣಿಯ ಕೊನೆಯ ಮನೆ, ಇಂದು ಠಾಣೆಗೆ ಹಾಜರಾಗಿ ಯಾರ ಬಲವಂತವೂ ಇಲ್ಲದೆ ಬರೆಸುತ್ತಿರುವುದೇನೆಂದರೆ:

ಮೇಲ್ಕಂಡ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಇಬ್ಬರೇ ವಾಸವಾಗಿದ್ದೇವೆ. ನನ್ನ ಗಂಡ ತೀರಿಕೊಂಡಿದ್ದಾರೆ. ಹಿತ್ತಲಿನಲ್ಲಿ ಆರು ಹೇಂಟೆಗಳೂ ಒಂದು ಎಳೆ ಹುಂಜವೂ ಇವೆ. ಹೊತ್ತುಹೊತ್ತಿಗೆ ಉಂಡು, ಸುಮ್ಮಸುಮ್ಮನೆ ಮುನಿಸಿಕೊಳ್ಳುವುದರಿಂದ ಆ ಹುಂಜವನ್ನು ಅತ್ತೆಯವರು ಅಳಿಯ ಎಂದು ಕರೆಯುತ್ತಾರೆ. ನಾನು ಅಳಿಯನನ್ನು ಛೂ ಬಿಟ್ಟು ಹೊಡೆಸಿದೆನೆಂದು ನನ್ನ ಮೇಲೆ ಬಂದಿರುವ ದೂರಿನಲ್ಲಿ ಬರೆದಿದೆಯಂತೆ. ನನಗೆ ಮಗಳೇ ಇಲ್ಲ.

ಪಕ್ಕದ ಮನೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದಾರೆ. ದೂರು ಕೊಟ್ಟವರು ಅವರೇ. ಹುಂಜವು ಇನ್ನೂ ಅಂಗೈಯಗಲದ ಮರಿಯಾಗಿದ್ದಾಗಿನಿಂದ ಅವರು ಎರಡು ಮನೆಗಳ ನಡುವಿನ ಗೋಡೆಯ ಮೇಲಿಂದ ಬೆತ್ತ ಇಳಿಬಿಟ್ಟು, ಅದರ ಎದೆಗೆ ತಿವಿದು, ಅದು ರೆಕ್ಕೆ ಕೆದರಿದರೆ ನಗುತ್ತಿದ್ದರು. ಬೇಡ ಎಂದು ನಾನು ಹಲವು ಸಲ ಹೇಳಿದ್ದೇನೆ. ಗಂಡು ಜಾತಿಗೆ ಧೈರ್ಯ ಕಲಿಸುತ್ತಿದ್ದೇನೆ ಎಂದು ಅವರು ಉತ್ತರಿಸಿದ್ದರು. ಹುಂಜ ಬೆಳೆಯಿತು. ಕಲಿತದ್ದನ್ನು ಮರೆಯಲಿಲ್ಲ.

ಅದು ನನ್ನ ಮೀನಖಂಡಕ್ಕೂ ಎರಗಿದೆ, ಅತ್ತೆಯವರ ಸೀರೆಯನ್ನೂ ಹರಿದಿದೆ. ನಾನು ಹೊಡೆಯಲಿಲ್ಲ, ಹಿಂದೆ ಸರಿಯಲೂ ಇಲ್ಲ. ಹೆದರಿ ಓಡಿದರೆ ಗೆದ್ದೆನೆಂದುಕೊಳ್ಳುತ್ತದೆ, ಹೊಡೆದರೆ ಜಗಳವೆಂದುಕೊಳ್ಳುತ್ತದೆ. ದಿನಾ ಬೆಳಿಗ್ಗೆ ಅದನ್ನು ಹಿಡಿದು, ರೆಕ್ಕೆಗಳನ್ನು ಕಂಕುಳಲ್ಲಿ ಅವುಚಿಕೊಂಡು, ಸೆಟೆದ ಕತ್ತನ್ನು ಅದು ಸಡಿಲ ಬಿಡುವವರೆಗೆ ಹಿತ್ತಲು ಸುತ್ತುತ್ತಿದ್ದೆ. ಮೊದಮೊದಲು ಅದರ ಎದೆ ನನ್ನ ಹೊಲಿಗೆ ಯಂತ್ರದಂತೆ ಬಡಿಯುತ್ತಿತ್ತು. ಈಚೆಗೆ ತೋಳಿನಲ್ಲೇ ತೂಕಡಿಸತೊಡಗಿತ್ತು. ಆದರೆ ಗೋಡೆಯ ಮೇಲೆ ಬೆತ್ತದ ಸದ್ದಾದರೆ ಮಾತ್ರ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು.

ನಿನ್ನೆ ಸೋಮವಾರ ಬೆಳಿಗ್ಗೆ ಸುಮಾರು ಎಂಟು ಗಂಟೆಗೆ ನಾನು ಕೋಳಿಗೂಡಿನ ನೆಲ ತೊಳೆಯುತ್ತಿದ್ದಾಗ ಮೇಷ್ಟ್ರು ಬೆತ್ತದಿಂದ ಗೋಡೆ ಬಡಿದರು. ಹುಂಜವು ಗೋಡೆ ಹಾರಿ ಆ ಕಡೆ ಇಳಿದು ಅವರ ಕಾಲಿಗೆ ಎರಗಿತು. ಎರಡು ಗೀರುಗಳಾಗಿ, ಒಂದರಲ್ಲಿ ರಕ್ತ ಬಂದಿತು. ಇದು ನಿಜ. ನಾನು ಕೂಡಲೇ ಹೋಗಿ ಹುಂಜವನ್ನು ಹಿಡಿದುಕೊಂಡು, ಮುಲಾಮು ತಂದುಕೊಡುತ್ತೇನೆಂದೆ. ಅವರು ತಮ್ಮ ಮನೆಯೊಳಗೆ ಹೋದರು.

ನಾನು ಹಿತ್ತಲಿಗೆ ಮರಳುವಷ್ಟರಲ್ಲಿ ಅವರು ಮಚ್ಚು ಹಿಡಿದು ನಮ್ಮ ಹಿಂಬಾಗಿಲು ತಳ್ಳಿಕೊಂಡು ಬಂದರು. ಅವರನ್ನು ತಡೆಯಲು ಹಿಟ್ಟಿನ ಗಿರಣಿ ನಡೆಸುವವರೂ ಬೆನ್ನಿಗೇ ಓಡಿ ಬಂದರು. ಹುಂಜವನ್ನು ಕೆಳಗೆ ಹಾಕು, ಇಲ್ಲೇ ತೀರಿಸಿಬಿಡುತ್ತೇನೆ ಎಂದು ಮೇಷ್ಟ್ರು ಹೇಳಿದರು. ಆಗುವುದಿಲ್ಲ ಎಂದೆ. ಆಗ ಅವರು ಆಡಿದ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಗಂಡಸಿಲ್ಲದ ಮನೇಲಿ ಹುಂಜದ್ದೇ ದರ್ಬಾರು!"

ಹಿತ್ತಲ ಜಗುಲಿಯ ಮೇಲಿದ್ದ ಅತ್ತೆಯವರು, "ನಂಗೆ ಮಂಜಾಗಿರೋದು ಕಣ್ಣು ಕಣಪ್ಪಾ, ಬಾಯಲ್ಲ. ಒಳಗೆ ಬರೋಕೆ ಯಾರನ್ನ ಕೇಳಿದೆ?" ಎಂದರು.

ಮೇಷ್ಟ್ರು ಹುಂಜದ ಕಾಲು ಹಿಡಿದು ಎಳೆದರು. ಅದು ಕಿರುಚಿತು. ಅವರು ಮಚ್ಚು ಎತ್ತಿದಾಗ ನಾನು ಹುಂಜವನ್ನು ಎಡಗಂಕುಳಲ್ಲೇ ಅವುಚಿ, ಆ ಕೈಯನ್ನು ಅದರ ಕತ್ತಿನ ಮೇಲೆ ಅಡ್ಡ ಇಟ್ಟೆ. ಕೈ ತೆಗಿ ಎಂದರು. "ಹೊಡೀರಿ ಮೇಷ್ಟ್ರೇ, ಮೊದಲು ಇದನ್ನ ಹೊಡೀರಿ" ಎಂದೆ. ಗಿರಣಿಯವರು ಬೇಡ ಬೇಡ ಎಂದು ಕೂಗಿದರು. ಆದರೂ ಮಚ್ಚು ಕೆಳಗಿಳಿಯಲಿಲ್ಲ. ಆಗ ಗೂಡು ತೊಳೆದ ನೀರಿನ ಬಕೆಟ್ಟನ್ನು ಬಲಗೈಯಿಂದ ಎತ್ತಿ ಅವರ ತಲೆಯ ಮೇಲೆ ಸುರಿದೆ. ಅವರು ಕಣ್ಣು ಒರೆಸಿಕೊಳ್ಳಲು ಮಚ್ಚು ಬಿಟ್ಟರು. ಗಿರಣಿಯವರು ಅದನ್ನು ಎತ್ತಿಕೊಂಡು ಠಾಣೆಗೆ ಒಪ್ಪಿಸಿದ್ದಾರೆ.

ಅವರು ಹೋದ ಮೇಲೆ ನಾನು ಯಂತ್ರದ ಮುಂದೆ ಕುಳಿತೆ. ಎಷ್ಟು ಯತ್ನಿಸಿದರೂ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಕಣ್ಣು ಮಂಜಾದ ಅತ್ತೆಯವರು, ಇತ್ತ ಕೊಡೇ, ನಾನು ಪೋಣಿಸುತ್ತೇನೆ ಎಂದು ಕೈ ಚಾಚಿದರು. ಮಧ್ಯಾಹ್ನ ಹುಂಜದ ಒಂದು ಕಡೆಯ ರೆಕ್ಕೆಯ ತುದಿಗರಿಗಳನ್ನು ಕತ್ತರಿಸಿದೆ. ಗೋಡೆಯ ಮೇಲೆ ಬಲೆ ಕಟ್ಟಿದೆ. ಮುಲಾಮಿನ ಡಬ್ಬಿಯನ್ನು ಮೇಷ್ಟ್ರ ಮೆಟ್ಟಿಲ ಮೇಲೆ ಇಟ್ಟು ಬಂದೆ. ನೆರೆಯವಳಾಗಿ ನಾನು ಮಾಡಬೇಕಾದದ್ದು ಇಷ್ಟೇ.

ಹುಂಜವನ್ನು ಕೊಟ್ಟು ಒಂದು ತಪ್ಪೊಪ್ಪಿಗೆ ಬರೆದರೆ ರಾಜಿಯಾಗುತ್ತದೆ, ಯೋಚನೆ ಮಾಡಿ ಅಕ್ಕ ಎಂದು ಠಾಣೆಯ ಸಾಹೇಬರು ಹೇಳಿದರು. ಯೋಚಿಸಿದೆ. ಕೊಡುವುದಿಲ್ಲ, ಬರೆಯುವುದಿಲ್ಲ. ಕೇಳದೆ ನನ್ನ ಹಿತ್ತಲಿಗೆ ಮಚ್ಚು ತಂದವರ ಮೇಲೆ ನನ್ನದೂ ಒಂದು ದೂರು ದಾಖಲಿಸಬೇಕು.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಯಿತು. ಬಕೆಟ್ಟು ಕೈಜಾರಿ ನೀರು ಬಿದ್ದಿತೆಂದು, ಹೇಳಿಕೆ ಬರೆದುಕೊಂಡ ಠಾಣೆಯ ರೈಟರ್ ನನ್ನ ಒಳ್ಳೆಯದಕ್ಕೇ ಬರೆದಿದ್ದರು. ಅದನ್ನು ಹೊಡೆದುಹಾಕಿಸಿದ್ದೇನೆ. ಕೈ ಜಾರಲಿಲ್ಲ, ಸುರಿದೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಮಂಗಳವಾರ
ಸಹಿ: ಹೊಲಿಗೆ ಅಕ್ಕ