ಎರಡು ಸಲ ಹೆತ್ತವಳು

ಕೂತ್ರಾ ಎಲ್ಲರೂ? ಹಿಂದಿರೋರು ಸ್ವಲ್ಪ ಮುಂದೆ ಬನ್ನಿ. ಇದು ಕೂಗಿ ಹೇಳೋ ಕಥೆ ಅಲ್ಲ.

ಕಡಲ ನೀರು ಇನ್ನೂ ಉಪ್ಪಾಗ್ತಾ ಇದ್ದ ಕಾಲ ಅದು. ಗ್ರೀಕರ ಸೀಮೆ. ಅಲ್ಲೊಂದು ಊರು. ಊರಿನ ಹೆಸರು ಕೇಳಬೇಡಿ, ನನಗೆ ಹೇಳಿದೋರಿಗೂ ಗೊತ್ತಿರಲಿಲ್ಲ. ಆ ಸೀಮೆಯ ದೇವರುಗಳು ಲೋಕಾನ ಪಾಲು ಮಾಡಿಕೊಂಡಿದ್ರು. ಹೇಗೆ ಮಾಡಿಕೊಂಡ್ರು? ಅಣ್ಣತಮ್ಮಂದಿರು ಮೂವರು, ಚೀಟಿ ಎತ್ತೋ ಹಾಗೆ, ಹರಳು ಹಾಕಿ ಎತ್ತಿದ್ರು. ಜೀಯಸ್‌ಗೆ ಆಕಾಶ ಬಂತು, ಮಳೆ ಸಿಡಿಲು ಅವನದು. ಪೊಸೈಡನ್‌ಗೆ ಕಡಲು ಬಂತು, ಅಲೆ ಬಿರುಗಾಳಿ ಅವನದು. ಹೇಡಿಸ್‌ಗೆ ನೆಲದ ಕೆಳಗಿನ ಕತ್ತಲು ಬಂತು, ಸತ್ತವರೆಲ್ಲ ಅವನವರು. ಅವರಕ್ಕ ಹೆಸ್ಟಿಯಾ, ನನಗೆ ಮನೆಮನೆಯ ಒಲೆ ಸಾಕು ಅಂದ್ಲು. ಹೆರಿಗೆ ಮಾಡಿಸೋಕೆ ಐಲಿಥಿಯಾ. ಸತ್ತವರನ್ನ ಹೇಡಿಸ್‌ನ ಬಾಗಿಲ ತನಕ ಬಿಟ್ಟು ಬರೋಕೆ ಹರ್ಮಿಸ್. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ನಡುವೆ ಸಿಕ್ಕಿಕೊಂಡವರನ್ನ ಕೇಳಬೇಕು.

ಆ ಊರಲ್ಲಿ ಒಂದು ಪದ್ಧತಿ. ಯಾರಾದ್ರೂ ಸತ್ರೆ, ಸ್ವಂತ ರಕ್ತದವರು ಸಮಾಧಿ ಹತ್ತಿರ ನಿಂತು ಮೂರು ಸಲ ಕೂಗಿ ಕರೀಬೇಕು. ಕರೆದ್ರೆ ಹೇಡಿಸ್ ಬಾಗಿಲು ತೆಗೀತಾನೆ. ಕರೀಲಿಲ್ಲ ಅಂದ್ರೆ ಆ ಜೀವ ಬಾಗಿಲ ಹೊರಗೆ ಚಳಿಯಲ್ಲಿ ನಿಂತೇ ಇರಬೇಕು. ಹೆಣ ಸಿಗದಿದ್ರೆ ಬಟ್ಟೆ ಹೂತು ಕರೆಯೋದು. ಇದನ್ನ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಆ ಊರಲ್ಲಿ ಫಿಲಿನ್ನ ಅಂತ ಒಬ್ಬಳು ಮುದುಕಿ. ಅವಳಿಗೆ ಒಬ್ಬನೇ ಮಗ, ಥೆರಾನ್. ಸೊಸೆ ಮಿರ್ಟೊ. ಥೆರಾನ್ ಕಡಲ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರೋನು. ಒಂದು ವಸಂತದಲ್ಲಿ ದೋಣಿ ಹತ್ತಿ ಹೋದ. ದೋಣಿ ಬರಲಿಲ್ಲ. ಒಂದು ವರ್ಷ ಆಯ್ತು, ಬರಲಿಲ್ಲ. ಮೂರು ವರ್ಷ ಆಯ್ತು, ಬರಲಿಲ್ಲ. ಐದನೇ ವರ್ಷ ಫಿಲಿನ್ನಳ ಗಂಟಲಲ್ಲಿ ಅನ್ನ ಇಳಿಯೋದು ನಿಂತೇ ಹೋಯ್ತು.

"ನನ್ನ ಮಗ ಆ ಬಾಗಿಲ ಹೊರಗೆ ನಡುಗ್ತಾ ನಿಂತಿದ್ದಾನೆ ಕಣೆ," ಅಂದ್ಲು ಸೊಸೆಗೆ. "ಅವನ ಅಂಗಿ ಕೊಡು, ಹೂತು ಕರೀತೀನಿ."

"ಅತ್ತೆ, ಸತ್ತಿದ್ದು ಯಾರು ನೋಡಿದ್ರು? ಈ ವರ್ಷದ ದೋಣಿಗಳು ಬರೋ ತನಕ ತಡ್ಕೊಳ್ಳಿ," ಅಂದ್ಲು ಮಿರ್ಟೊ.

ತಡ್ಕೋತಾಳಾ ತಾಯಿ? ಅಂಗಿ ಹೂತ್ಲು, ಮೂರು ಸಲ ಕರೆದ್ಲು. "ಥೆರಾನ್. ಥೆರಾನ್. ಥೆರಾನ್." ಆ ದಿನ ಹೊಟ್ಟೆ ತುಂಬ ಉಂಡ್ಲು. ಅದನ್ನ ನೆನೆದ್ರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ದ್ರಾಕ್ಷಿ ಕೊಯ್ಯೋ ಹೊತ್ತಿಗೆ ಥೆರಾನ್ ನಡ್ಕೊಂಡು ಬಂದ. ಹೌದಪ್ಪಾ, ಜೀವಂತವಾಗಿ. ದೋಣಿ ಒಡೆದು ಯಾವುದೋ ದ್ವೀಪಕ್ಕೆ ಬಿದ್ದಿದ್ನಂತೆ, ಆಡು ಕಾಯ್ಕೊಂಡಿದ್ನಂತೆ. "ಅವ್ವಾ" ಅಂತ ಹೊಸ್ತಿಲು ದಾಟಿದ. ಒಲೆಯ ಬೆಂಕಿ ಆರಿಹೋಯ್ತು. ಪಕ್ಕದ ಮನೆಗೆ ಹೋದ, ಅಲ್ಲೂ ಆರಿತು. ಅದರ ಪಕ್ಕದ ಮನೆಗೆ ಹೋದ, ಅಲ್ಲೂ ಆರಿತು. ಊರಿಗೆ ಅರ್ಥ ಆಯ್ತು. ಸತ್ತವನಿಗೆ ಹೆಸ್ಟಿಯಾ ಬೆಂಕಿ ಕೊಡಲ್ಲ. ಮುಟ್ಟಿದ್ರೆ ಮೈಲಿಗೆ ಅಂತ ಅವನನ್ನ ಊರಾಚೆಯ ಬಂಡೆ ಹತ್ತಿರ ಇಟ್ರು. ಮಿರ್ಟೊ ರೊಟ್ಟಿ ತಂದು ಕಲ್ಲಿನ ಮೇಲಿಟ್ಟು ದೂರ ಸರಿದು ನಿಲ್ಲೋಳು. ಐದು ವರ್ಷ ಕಾದವಳು, ಗಂಡನ ಕೈ ಹಿಡಿಯೋ ಹಾಗಿಲ್ಲ. ಮುಂದೆ ಚಳಿಗಾಲ. ಬೆಂಕಿ ಇಲ್ಲದೆ ಎಷ್ಟು ದಿನ ಬದುಕ್ತಾನೆ?

ಫಿಲಿನ್ನ ಕೋಲು ಹಿಡಿದು ಹೊರಟ್ಲು. ಮೊದಲು ಕಡಲ ದಂಡೆಗೆ ಹೋದ್ಲು.

"ಸ್ವಾಮಿ ಪೊಸೈಡನ್, ನನ್ನ ಮಗ ಬದುಕಿದ್ದಾನೆ ಅಂತ ನೀನಾದ್ರೂ ಹೇಳು."

"ಜೀವಂತವಾಗೇ ದಡಕ್ಕೆ ಹಾಕಿದ್ದೀನಿ. ದಡದ ಮೇಲಿನದ್ದು ನನ್ನ ಕೆಲಸ ಅಲ್ಲ," ಅಂದ ಅವನು.

ಬೆಟ್ಟ ಹತ್ತಿದ್ಲು. "ಸ್ವಾಮಿ ಜೀಯಸ್, ನೀನು ದೊಡ್ಡೋನು. ನಿಮ್ಮಕ್ಕನಿಗೆ ಒಂದು ಮಾತು ಹೇಳು."

"ಎಲ್ಲರ ಮೇಲೆ ಮಳೆ ಸುರಿಸ್ತೀನಿ, ಅವನ ಮೇಲೂ ಸುರಿಸ್ತಾ ಇದ್ದೀನಲ್ಲ. ಒಲೆ ವಿಚಾರ ನನ್ನದಲ್ಲ," ಅಂದ ಅವನು.

ಹೌದು, ಸುರಿಸ್ತಾ ಇದ್ದ. ಬಂಡೆ ಹತ್ತಿರ ಥೆರಾನ್ ನೆನೀತಾ ಕೂತಿದ್ದ. ಇದಕ್ಕೆ ದೊಡ್ಡೋರು ಅಂತಾರೆ.

ಕೊನೆಗೆ ಹೇಡಿಸ್‌ನ ಗುಹೆಗೆ ಹೋದ್ಲು. ಅವನು ಬಯ್ಯಲಿಲ್ಲ, ಗದರಲಿಲ್ಲ.

"ಮೂರು ಸಲ ಕರೆದೋಳು ನೀನೇ. ಕೊಟ್ಟಿದ್ದನ್ನ ನಾನು ವಾಪಸು ಕೊಡಲ್ಲ," ಅಂದ.

"ತಪ್ಪಾಯ್ತು ಸ್ವಾಮಿ. ಪ್ರೀತಿಯಿಂದ ಕರೆದೆ."

"ಎಲ್ಲರೂ ಪ್ರೀತಿಯಿಂದಲೇ ಕರೆಯೋದು."

ಅವಳು ಅಲ್ಲೇ ಕೂತುಬಿಟ್ಲು. ಒಂದು ದಿನ ಕೂತ್ಲು, ಎರಡು ದಿನ ಕೂತ್ಲು. ಮೂರನೇ ದಿನ ಹೇಡಿಸ್ ಬಾಯಿ ಬಿಟ್ಟ. "ನೀನು ಹೆತ್ತ ಮಗ ನನ್ನವನು. ಇನ್ನೊಬ್ಬನನ್ನ ಹೆತ್ತರೆ ಅವನು ನನ್ನವನಲ್ಲ. ಇಷ್ಟೇ ನನಗೆ ಗೊತ್ತಿರೋದು."

ಮುದುಕಿ ಎದ್ದು ಊರಿಗೆ ಬಂದ್ಲು. ಬಂಡೆ ಹತ್ತಿರ ಹಾಸಿಗೆ ಹಾಸಿಸಿದ್ಲು. "ಥೆರಾನ್, ನನ್ನ ಸೀರೆಯೊಳಗೆ ಬಂದು ಮುದುರಿಕೋ. ನಿನ್ನ ಮತ್ತೆ ಹೆರ್ತೀನಿ," ಅಂದ್ಲು. ಸೀರೆ ಅಂದೆನಾ? ಅವರದ್ದೇನೋ ಉದ್ದನೆಯ ನಿಲುವಂಗಿ, ನಮ್ಮ ಬಾಯಿಗೆ ಸೀರೆ. ಐಲಿಥಿಯಾನ ಕರೆದ್ಲು. ಆ ದೇವಿ ಬಂದ್ಲು, ನೋಡಿದ್ಲು, ತಲೆ ಅಲ್ಲಾಡಿಸಿದ್ಲು.

"ಫಿಲಿನ್ನ, ನನಗೆ ಆಟ ಆಡೋಕೆ ಬರಲ್ಲ. ನಾನು ಕೈ ಇಟ್ಟರೆ ನೋವು ನಿಜವಾದ ನೋವು, ರಕ್ತ ನಿಜವಾದ ರಕ್ತ. ಈ ವಯಸ್ಸಿಗೆ ನೀನು ಉಳಿಯಲ್ಲ."

"ಉಳಿಸು ಅಂತ ನಿನ್ನ ಯಾರು ಕೇಳಿದ್ರು? ಕೈ ಇಡು."

ಒಂದು ಹಗಲು ನೋವು ತಿಂದ್ಲು. ಒಂದು ರಾತ್ರಿ ತಿಂದ್ಲು. ಇನ್ನೊಂದು ಹಗಲು ತಿಂದ್ಲು. ಸಂಜೆ ಹೊತ್ತಿಗೆ ಗಡ್ಡ ಬಂದ ಗಂಡಸು ತಾಯಿಯ ಸೀರೆಯಡಿಯಿಂದ ಮೈಯೆಲ್ಲ ರಕ್ತವಾಗಿ ತೆವಳಿಕೊಂಡು ಬಂದ. ಯಾರೂ ನಗಲಿಲ್ಲ. ಹೆಂಗಸರು ಮೀಯಿಸಿದ್ರು, ಬಟ್ಟೆಯಲ್ಲಿ ಸುತ್ತಿದ್ರು, ಎತ್ತಿಕೊಂಡು ಮನೆಗೆ ತಂದ್ರು. ಒಲೆಯ ಬೆಂಕಿ ಆರಲಿಲ್ಲ.

"ಕೇಳ್ರವ್ವಾ," ಅಂದ್ಲು ಐಲಿಥಿಯಾ. "ಹತ್ತನೇ ದಿನ ಹೆಸರಿಡೋ ತನಕ ಇವನು ಹಸುಗೂಸು. ಮಾತಾಡಬಾರದು. ಒಂದೇ ಒಂದು ಮಾತಾಡಿದ್ರೂ ಈ ಹೆರಿಗೆ ಸುಳ್ಳಾಗುತ್ತೆ, ಇವನು ಮತ್ತೆ ಸತ್ತವನೇ."

ಅದೇ ದಿನ ಫಿಲಿನ್ನ ಸತ್ಲು. ಮಗನ ಮುಖ ನೋಡಿದ್ಲು, ಅವನ ಹಣೆ ಸವರಿದ್ಲು, ಸತ್ಲು.

ಈಗ ನೀವೇ ಹೇಳಿ. ಅವಳಿಗೆ ಸ್ವಂತ ರಕ್ತದವರು ಅಂತ ಇನ್ಯಾರಿದ್ದಾರೆ? ಸೊಸೆ ಬೇರೆ ರಕ್ತ. ಇದ್ದ ಒಬ್ಬ ಮಗ ಮಾತಾಡೋ ಹಾಗಿಲ್ಲ. ಮೂರನೇ ದಿನ ಮಣ್ಣು ಮಾಡಲೇಬೇಕು, ಹತ್ತನೇ ದಿನದ ತನಕ ಹೆಣ ಕಾಯುತ್ತಾ? ಬಾಯಿ ತೆರೆದು ಅವ್ವ ಅಂದ್ರೆ ಅವಳು ಸತ್ತಿದ್ದು ದಂಡ. ಸುಮ್ಮನಿದ್ರೆ ಅವಳು ಎಂದೆಂದಿಗೂ ಆ ಬಾಗಿಲ ಹೊರಗೆ. ಎಂಥ ದೇವರುಗಳು, ಎಂಥ ಏರ್ಪಾಡು.

ಮಿರ್ಟೊ ಅವನನ್ನ ಬಟ್ಟೆ ಸುತ್ತಿದ ಹಾಗೇ ಗಾಡಿಯಲ್ಲಿ ಮಲಗಿಸಿಕೊಂಡು ಸಮಾಧಿ ಹತ್ತಿರ ತಂದ್ಲು. ಮಣ್ಣು ಎಳೆದ್ರು. ಎಲ್ಲರೂ ಅವನ ಬಾಯಿ ನೋಡ್ತಾ ನಿಂತ್ರು. ಮಿರ್ಟೊ ಅವನ ಕಿವಿಯಲ್ಲಿ, "ಬೇಡ, ನಿನ್ನ ಕಾಲಿಗೆ ಬೀಳ್ತೀನಿ, ಮಾತಾಡಬೇಡ," ಅಂತಿದ್ಲು. ಥೆರಾನ್ ತುಟಿ ಕಚ್ಚಿದ. ತುಟಿಯಿಂದ ರಕ್ತ ಇಳೀತು. ಆಮೇಲೆ ಬಾಯಿ ತೆರೆದ. ಅತ್ತ. ಹಸುಗೂಸು ಅಳೋ ಹಾಗೆ, ಅಕ್ಷರ ಇಲ್ಲದ ಅಳು. ಉಸಿರು ಎಳೆದುಕೊಂಡು ಮತ್ತೆ ಅತ್ತ. ಮತ್ತೊಂದು ಸಲ ಅತ್ತ. ಮಾತು ಮಾತ್ರ ಒಂದೂ ಹೊರಡಲಿಲ್ಲ.

ಕೆಳಗೆ, ಹರ್ಮಿಸ್ ಮುದುಕೀನ ಬಾಗಿಲ ಹತ್ತಿರ ತಂದು ನಿಲ್ಲಿಸಿದ್ದ.

"ನಿನ್ನ ಯಾರೂ ಕರೀಲಿಲ್ಲ. ಬಾಗಿಲು ತೆಗೆಯೋ ಹಾಗಿಲ್ಲ," ಅಂದ ಹೇಡಿಸ್ ಒಳಗಿಂದ.

"ನನ್ನ ಮಗ ಮೂರು ಸಲ ಕರೆದ."

"ಅದು ಕೂಸಿನ ಅಳು. ಅದರಲ್ಲಿ ಹೆಸರೆಲ್ಲಿದೆ?"

ಫಿಲಿನ್ನ ಮೊದಲ ಸಲ ದೇವರ ಎದುರು ತಲೆ ಎತ್ತಿ ಮಾತಾಡಿದ್ಲು. "ಮೊದಲನೇ ಸಲ ಹುಟ್ಟಿದಾಗಲೂ ಅವನು ನನ್ನ ಹೀಗೇ ಕರೀತಿದ್ದ ಸ್ವಾಮಿ. ನಾನು ಒಂದು ದಿನಾನೂ ಹೆಸರು ಕೇಳ್ಕೊಂಡು ಕೂರಲಿಲ್ಲ. ಎದ್ದು ಹೋಗ್ತಿದ್ದೆ. ಕೂಸಿನ ಅಳು ಯಾರನ್ನ ಕರೆಯುತ್ತೆ ಅಂತ ತೀರ್ಮಾನ ಮಾಡೋದು ನಿನ್ನ ಕೆಲಸವಾ?"

ಹೇಡಿಸ್ ಯೋಚನೆ ಮಾಡಿದ. ಹರಳು ಎತ್ತಿದ ದಿನ ಆ ಕೆಲಸ ಅವನ ಪಾಲಿಗೂ ಬಂದಿರಲಿಲ್ಲ, ಯಾವ ದೇವರ ಪಾಲಿಗೂ ಬಂದಿರಲಿಲ್ಲ. ಬಾಗಿಲು ತೆಗೆದ.

ಅವಳು ಒಳಗೆ ಹೋದ್ಲು, ನಾವು ಹೊರಗೆ ಉಳಿದ್ವಿ. ಹೇಳಿದ ಬಾಯಿಗೆ ಒಂದು ಗುಟುಕು ನೀರು ಕೊಡಿ, ಕೇಳಿದ ಕಿವಿಗಳು ಮನೆಗೆ ಹೋಗಲಿ.