ಹೊಸ ಡ್ರೈವ್ ಓದದ ಡಿಸ್ಕ್

ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕಂಕುಳಲ್ಲಿ ಡಿಸ್ಕ್ ಪ್ಲೇಯರ್ ಇತ್ತು.

"ಇದರಲ್ಲಿ ಡಿಸ್ಕ್ ಓದೋ ಡ್ರೈವ್ ಚೆನ್ನಾಗೇ ಇತ್ತಲ್ಲ, ಅದನ್ನ ಕೀಳಿಸಿ ಹೊಸದು ಯಾಕೋ ಹಾಕಿಸ್ದೆ?" ಅಕ್ಕ ಕೇಳಿದಳು.

"ಹೊಸ ಸಿನಿಮಾಗಳಲ್ಲಿ ಬಿಟ್‌ರೇಟ್ ಜಾಸ್ತಿ ಅಕ್ಕ, ಸೆಕೆಂಡಿಗೆ ತುಂಬಾ ಡೇಟಾ ಓದಬೇಕು. ಹಳೇದರಲ್ಲಿ ಚಿತ್ರ ನಿಂತು ನಿಂತು ಬರ್ತಿತ್ತು."

"ಅಮ್ಮ ಹೋದ್ಮೇಲೆ ಅಪ್ಪ ದಿನಾ ಹಾಕ್ಕೊಂಡು ಕೂರೋದು ಅವಳು ಹಾಡಿದ ಡಿಸ್ಕು. ಗೀರು ಬಿದ್ದಿದೆ, ಹಳೇ ಡ್ರೈವ್ ಒಂದೇ ಅದನ್ನ ಓದ್ತಿತ್ತು. ಗೊತ್ತಿರಲಿಲ್ವಾ?"

"ಗೊತ್ತಿತ್ತು. ವರ್ಷಕ್ಕೊಮ್ಮೆ ಬರೋಳಿಗೇನು? ದಿನಾ ಕೇಳೋ ಕರ್ಮ ನಂದು."

ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ನನಗೇ ಬಂತು.

"ಹಳೇ ಡ್ರೈವ್ ಎಲ್ಲಿ?" ಅಕ್ಕ ಕೇಳಿದಳು.

"ಗುಜರಿಗೆ ಹಾಕ್ದೆ."

ಅವರ ಸರದಿ ಬಂದಾಗ ಅಕ್ಕ ಚೀಲದಿಂದ ತೆಗೆದುಕೊಟ್ಟ ಅಮ್ಮನ ಡಿಸ್ಕನ್ನು ಮೆಕ್ಯಾನಿಕ್ ಬೆಳಕಿಗೆ ಹಿಡಿದು ನೋಡಿದ. ಹೊಸ ಡ್ರೈವ್‌ನಲ್ಲಿ ಇದನ್ನ ಓದಿಸೋಕೆ ಆಗಲ್ಲ ಎಂದು ತಲೆಯಾಡಿಸಿ ವಾಪಸ್ ಕೊಟ್ಟ.

"ಅಪ್ಪನಿಗೆ ನೀನೇ ಹೇಳಕ್ಕ."

"ನಾನ್ಯಾಕೆ? ಅಮ್ಮನ ದನಿ ಕೇಳಿ ಕೇಳಿ ಸಾಕಾಗಿತ್ತು ಅಂತ ನಿನ್ನ ಬಾಯಲ್ಲೇ ಹೇಳು. ನಾನು ಪಕ್ಕದಲ್ಲಿ ನಿಂತು ಕೇಳ್ತೀನಿ."

ಅವಳು ಹಿಂದೆ ತಿರುಗದೆ ರಸ್ತೆಗಿಳಿದಳು. ಅವನು ಪ್ಲೇಯರ್ ಹೊತ್ತುಕೊಂಡು ಹಿಂದೆ ಹೋದ.