ಒಂದು ಜೋಡಿ ಬ್ರೇಕು, ಎರಡು ಗಾಡಿ

ಒಂದು ಬದಿಯ ಚಕ್ರಕ್ಕೆ ಬ್ರೇಕಿನ ಸಾಮಾನು ಹೊಸತು ಹಾಕಿದರೆ ಎದುರು ಬದಿಯ ಚಕ್ರಕ್ಕೂ ಅದೇ ದಿನ, ಅದೇ ಸಾಮಾನು, ಹೊಸತೇ ಹಾಕಬೇಕು. ಇದು ನಿಯಮ. ನನ್ನ ಅಭಿಪ್ರಾಯ ಅಲ್ಲ ಮಾರಾಯ, ಅಭಿಪ್ರಾಯ ಆಗಿದ್ದರೆ ನಿನ್ನ ಹತ್ತಿರ ಚರ್ಚೆಗೆ ಕೂರ್ತಿದ್ದೆ. ನಿತಿನ್, ನೀನು ಪಾರ್ಸೆಲ್ ಬಿಚ್ಚಿದ್ದು ನಾನು ಇಲ್ಲಿಂದಲೇ ನೋಡಿದೆ. ಎಡಬದಿಯ ಡಿಸ್ಕ್ ಬ್ರೇಕು ಬಂತು, ಬಲಬದಿಯದ್ದು ಇನ್ನೂ ದಾರಿಯಲ್ಲಿ ಉಂಟು, ಆದರೂ ಭಾನುವಾರ ಹಳೇ ಗಾಡಿಗಳ ಮೆರವಣಿಗೆಗೆ ನಿನ್ನ ಅಮೆರಿಕನ್ ಗಾಡಿ ಹೋಗಲೇಬೇಕು, ಅಲ್ವಾ? "ಒಂದು ದಿನಕ್ಕೆ ಎಂತ ಆಗ್ತದೆ ಅಜ್ಜ" ಅಂತ ನೀನು ಈಗ ಹೇಳಿದ್ದು ಉಂಟಲ್ಲ, ಅದನ್ನು ನಿನಗಿಂತ ಎಷ್ಟೋ ವರ್ಷ ಮೊದಲು ನಾನೇ ಹೇಳಿದ್ದೇನೆ. ಹೌದು, ನಾನೇ. ಶ್ರೇಯಾ, ನಗಬೇಡ, ಮೊದಲು ಆ ಫೋನ್ ಕೆಳಗಿಡು. ನಾನು ತಪ್ಪು ಒಪ್ಪಿಕೊಳ್ಳುವುದನ್ನು ವಿಡಿಯೋ ಮಾಡಿ ನಿಮ್ಮ ಅಮ್ಮನಿಗೆ ಕಳಿಸುವ ಅಗತ್ಯ ಇಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಇಪ್ಪತ್ತೊಂದು... ಅಲ್ಲ, ಇಪ್ಪತ್ತೇ. ಅಪ್ಪ ಕೆಲಸ ಮಾಡ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿತು. ನೋಟಿಸ್ ಇಲ್ಲ, ಮಾತಿಲ್ಲ, ಒಂದು ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವ, ಇಸ್ತ್ರಿ ಹಾಕಿದ ಅಂಗಿ ಹಾಕಿ ಕಾಲೇಜಿಗೆ ಹೋಗ್ತಿದ್ದವ, ಡಿಗ್ರಿ ಅರ್ಧಕ್ಕೇ ಬಿಡಬೇಕಾಯಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿಗೆ ಬೇಕಾದರೆ ಅಮ್ಮ ಅದನ್ನೇ ಊಟ ಅಂತ ಕರೀತಿದ್ದಳು. ಮೀನು ಮಾರುವ ಹೆಂಗಸು ನಮ್ಮ ಮನೆಯ ಮುಂದೆ ಬರುವಾಗ ಬೇಕಂತಲೇ ಸ್ವರ ತಗ್ಗಿಸ್ತಿದ್ದಳು, ಅಷ್ಟು ಒಳ್ಳೆಯವಳು ಅವಳು. ಹಾಗಿರುವಾಗ ಯಾರೋ ಹೇಳಿದರು, ಮಣ್ಣಗುಡ್ಡದಲ್ಲಿ ಸಂಜೀವಣ್ಣನ ಗ್ಯಾರೇಜಿನಲ್ಲಿ ಇಂಗ್ಲಿಷ್ ಓದಲಿಕ್ಕೆ ಜನ ಬೇಕಂತೆ. ಗ್ಯಾರೇಜಿನಲ್ಲಿ ಇಂಗ್ಲಿಷ್ ಎಂತಕ್ಕೆ? ಹೋಗಿ ನೋಡಿದರೆ ಸಂಗತಿ ಹೀಗೆ. ಊರಿನಲ್ಲಿ ಓಡುವ ಹಳೇ ಅಮೆರಿಕನ್ ಗಾಡಿಗಳೆಲ್ಲ ಸಂಜೀವಣ್ಣನ ಹತ್ತಿರ ಬರ್ತಿದ್ದವು. ಅವರು ಕಣ್ಣು ಮುಚ್ಚಿ ಎಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ, ಆದರೆ ಗಾಡಿಯ ಜತೆ ಬಂದ ಪುಸ್ತಕ, ಚೀರೆಕಲ್ಲಿನಷ್ಟು ದಪ್ಪ, ಅದು ಪೂರಾ ಇಂಗ್ಲಿಷ್. ಸಂಜೀವಣ್ಣ ಪುಸ್ತಕ ನನ್ನ ಮುಂದೆ ಇಟ್ಟು "ಓದು ನೋಡುವ" ಅಂದರು. ಓದಿದೆ. ಓದಿದ್ದಷ್ಟೇ ಅಲ್ಲ, ಅವರು ಕಾರ್ಬುರೇಟರ್ ಅನ್ನುವುದನ್ನು ಹೇಗೆ ಹೇಳಬೇಕು ಅಂತ ಅಲ್ಲೇ ತಿದ್ದಿದೆ. ಕೆಲಸ ಸಿಕ್ಕಿತು, ಚಹಾ ಸಿಗಲಿಲ್ಲ.

ಓದುವುದೊಂದೇ ಕೆಲಸ ಅಂತ ನಾನು ಎಣಿಸಿದ್ದು. ಎರಡನೇ ದಿನ ಕೈಗೆ ಸ್ಪ್ಯಾನರ್ ಕೊಟ್ಟರು. ಆ ಕಾಲದಲ್ಲಿ ಪಾರ್ಟ್ಸ್ ಅಂದರೆ ಎಂತ ಗೊತ್ತುಂಟಾ, ನಿನ್ನ ಹಾಗೆ ಮಂಚದಲ್ಲಿ ಮಲಗಿ ಬೆರಳು ಒತ್ತಿದರೆ ಬರುವುದಲ್ಲ. ಹೊರದೇಶದಿಂದ ತರಿಸಲಿಕ್ಕೆ ಇಲ್ಲ, ಇಲ್ಲಿ ಮಾಡುವವರಿಲ್ಲ. ಲಾರಿಯ ಬ್ರೇಕ್ ಲೈನಿಂಗ್, ಅಂದರೆ ಚಕ್ರಕ್ಕೆ ಉಜ್ಜುವ ಪಟ್ಟಿ, ಅದನ್ನು ತಂದು ಗರಗಸದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ, ಕೈಯಲ್ಲೇ ರಿವೆಟ್ ಹೊಡೆದು ಕೂರಿಸುವುದು. ಬ್ರೇಕ್ ಎಣ್ಣೆ ಸಿಗದಿದ್ದರೆ ಹರಳೆಣ್ಣೆಗೆ ಸ್ಪಿರಿಟ್ ಬೆರೆಸುವುದು. ಸಂಜೆ ಮನೆಗೆ ಬಂದರೆ ಅಮ್ಮ ಮೂಗು ಮುಚ್ಚಿಕೊಂಡು, "ಎಂತ ಮಗಾ, ನಿಮ್ಮ ಗ್ಯಾರೇಜಿನಲ್ಲಿ ಬಾಣಂತಿ ಉಂಟಾ?" ಅಂತ ಕೇಳ್ತಿದ್ದಳು. ಇನ್ನು ಚಕ್ರದ ಒಳಗೆ ಒಂದು ಸಣ್ಣ ಸಿಲಿಂಡರ್ ಇರ್ತದೆ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಪೆಡಲ್ ಒತ್ತಿದಾಗ ಎಣ್ಣೆ ಅದಕ್ಕೆ ನುಗ್ಗಿ, ಅದು ಬ್ರೇಕನ್ನು ಚಕ್ರಕ್ಕೆ ಒತ್ತಿ ಹಿಡಿಯುವುದು. ನಮ್ಮ ಮಳೆಗೆ, ನಮ್ಮ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಸೋರುವುದು. ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿ ಒಂದು ಸಲ ಉಳಿಸಬಹುದು, ಎರಡು ಸಲ ಉಳಿಸಬಹುದು, ಮೂರನೇ ಸಲಕ್ಕೆ ಕೈ ಮುಗಿಯುವುದೇ. ಮತ್ತೆ ಆಗಿನ ಗಾಡಿಗೆ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಎಣ್ಣೆ ಡಬ್ಬಿ. ಒಂದು ಕಡೆ ಒಡೆದು ಸೋರಿತಾ, ನಾಲ್ಕೂ ಹೋಯಿತು. ನಿನ್ನ ಗಾಡಿಗೆ ನೀನು ಈಗ ಎರಡು ಕೋಣೆಯ ಡಬ್ಬಿ ಹಾಕಿಸಿದ್ದಿ, ಅದೊಂದು ಕೆಲಸ ಸರಿ ಮಾಡಿದ್ದಿ. ಒಂದು ಅಂತ ಹೇಳಿದೆ, ಉಬ್ಬಬೇಡ.

ಒಂದೇ ಮಾದರಿಯ ಎರಡು ಗಾಡಿ ನಮ್ಮಲ್ಲಿಗೆ ಬರ್ತಿದ್ದವು. ಹಸಿರು ಗಾಡಿ ಮಣ್ಣಗುಡ್ಡದ ಡಾಕ್ಟ್ರದ್ದು. ಕಪ್ಪು ಗಾಡಿ ಬಿಕರ್ನಕಟ್ಟೆಯ ಹಿಲ್ಡಾಬಾಯಿಯದ್ದು. ಹಿಲ್ಡಾಬಾಯಿ ಶಾಲೆಯ ಹೆಡ್‌ಮಿಸ್ಟ್ರೆಸ್, ಊರವರಿಗೆಲ್ಲ ಬರೀ 'ಬಾಯಿ', ಗಂಡ ತೀರಿಹೋಗಿ ನಾಲ್ಕು ವರ್ಷ ಆಗಿತ್ತು. ಗಾಡಿ ಗಂಡನದ್ದು. "ಮಾರಿಬಿಡಿ ಬಾಯೀ" ಅಂದವರಿಗೆಲ್ಲ "ನಿಮ್ಮ ಮನೆ ಮಾರ್ತೀರಾ?" ಅಂತ ಕೇಳಿ ತಾವೇ ಓಡಿಸ್ತಿದ್ದರು. ಸಣ್ಣ ಹೆಂಗಸು, ದೋಣಿಯಂಥ ಗಾಡಿ. ದೂರದಿಂದ ನೋಡಿದರೆ ಡ್ರೈವರ್ ಇಲ್ಲದೆ ಬಂದ ಹಾಗೆ ಕಾಣ್ತಿತ್ತು. ಅವರ ಒಬ್ಬಳೇ ಮಗಳು ಲವೀನಾಳಿಗೆ ಮದುವೆ ನಿಶ್ಚಯ ಆಯಿತು. ಅವಳದ್ದು ಒಂದೇ ಹಟ, ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದಾದರೆ ಪಪ್ಪನ ಗಾಡಿಯಲ್ಲಿ. ಹಿಲ್ಡಾಬಾಯಿ ಮಾತು ಕೊಟ್ಟಿದ್ದರು. ಆದರೆ ಗಾಡಿಯ ಮುಂದಿನ ಎರಡು ಚಕ್ರದ ಸಿಲಿಂಡರೂ ಸೋರ್ತಿತ್ತು, ಡಾಕ್ಟ್ರದ್ದೂ ಅದೇ ಕತೆ.

ಆಗ ಬಂದದ್ದು ಗಲ್ಫಿನಿಂದ ಫ್ರಾನ್ಸಿಸ್. ಅಲ್ಲಿ ಅಮೆರಿಕನ್ ಗಾಡಿಗಳ ಗ್ಯಾರೇಜಿನಲ್ಲಿ ಕೆಲಸ ಅವನಿಗೆ. ರಜೆಗೆ ಬರುವಾಗ ಮುಂದಿನ ಚಕ್ರಕ್ಕೆ ಆಗುವ ಹೊಸ ಸಿಲಿಂಡರ್ ಒಂದು ಜೋಡಿ, ಕಾಲುಚೀಲದ ಒಳಗೆ ಸುತ್ತಿ ತಂದಿದ್ದ. ಏರ್‌ಪೋರ್ಟಿನಲ್ಲಿ ಇದೆಂತ ಅಂತ ಕೇಳಿದ್ದಕ್ಕೆ "ಅಮ್ಮನ ಮಿಕ್ಸಿಯದ್ದು" ಅಂದನಂತೆ. ಸರಿ. ಗಲ್ಫಿನಿಂದ ಬಂದವರ ಸೂಟ್‌ಕೇಸ್ ಬಿಚ್ಚುವ ಕ್ರಮ ನಿಮಗೆ ಗೊತ್ತಿಲ್ಲ. ಯಾರಿಗೂ ಹೆಚ್ಚು ಕಮ್ಮಿ ಆಗಬಾರದು. ಆಚೆಮನೆಗೆ ಒಂದು ಸಾಬೂನು ಅಂದರೆ ಈಚೆಮನೆಗೂ ಒಂದು ಸಾಬೂನು, ಇಲ್ಲದಿದ್ದರೆ ಎರಡು ವರ್ಷ ಮಾತಿಲ್ಲ. ಫ್ರಾನ್ಸಿಸ್ ಯೋಚನೆ ಮಾಡಿದ. ಅವನ ಅಮ್ಮನ ಜೀವ ಉಳಿಸಿದ್ದು ಡಾಕ್ಟ್ರು. ಅವನಿಗೆ ಅಕ್ಷರ ಕಲಿಸಿದ್ದು ಬಾಯಿ. ಯಾರನ್ನು ಬಿಡುವುದು? ಜೋಡಿಯನ್ನು ಒಡೆದು ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಕೊಟ್ಟ! ಚಪ್ಪಲಿ ಹಂಚಿದ ಹಾಗೆ. ಊರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು, "ಫ್ರಾನ್ಸಿಸನಿಗೆ ನ್ಯಾಯ ಗೊತ್ತುಂಟು" ಅಂತ.

ಎರಡು ಗಾಡಿಯೂ ಗ್ಯಾರೇಜಿಗೆ ಬಂದವು. ನಾನು ಪುಸ್ತಕ ತೆಗೆದು ನಿಯಮ ಓದಿದೆ, ಅರ್ಥ ಹೇಳಿದೆ. ಸಂಜೀವಣ್ಣ ತಲೆ ಕೆರೆದುಕೊಂಡು, "ಪುಸ್ತಕ ಬರೆದವನಿಗೆ ಪಾರ್ಟ್ಸ್ ಅವನ ಬೀದಿಯಲ್ಲೇ ಸಿಗ್ತದೆ ಮಾರಾಯ. ಇಲ್ಲಿ ಒಂದು ಸಿಕ್ಕಿದ್ದೇ ಪುಣ್ಯ. ಹಾಕು" ಅಂದರು. ಡಾಕ್ಟ್ರು "ಅರ್ಧ ಡೋಸ್ ಕೊಟ್ಟರೂ ಅರ್ಧ ಗುಣ ಆಗ್ತದೆ" ಅಂದರು. ಡಾಕ್ಟ್ರೇ ಹಾಗೆ ಹೇಳಿದ ಮೇಲೆ! ನಾನು ಹಾಕಿದೆ. ಒಂದು ದಿನದ ಮದುವೆಗೆ ಎಂತ ಆಗ್ತದೆ ಅಂತ ನಾನೇ ಬಾಯಿಬಿಟ್ಟು ಹೇಳಿದೆ, ಹೇಳಿ ಹಾಕಿದೆ. ಡಾಕ್ಟ್ರ ಗಾಡಿಗೆ ಎಡಬದಿ ಹೊಸತು, ಬಾಯಿಯ ಗಾಡಿಗೆ ಬಲಬದಿ ಹೊಸತು. ಹಳೆಯದಕ್ಕೆ ಇನ್ನೊಮ್ಮೆ ಹಿತ್ತಾಳೆ. ಹೊಸತು ಇದ್ದ ಬದಿ ಗಟ್ಟಿ ಹಿಡಿಯುವುದು, ಹಳೆಯದು ಸಡಿಲ, ಹಾಗಾಗಿ ಬ್ರೇಕ್ ಹಾಕಿದರೆ ಡಾಕ್ಟ್ರ ಗಾಡಿ ಎಡಕ್ಕೆ ಎಳೆಯುವುದು, ಬಾಯಿಯದ್ದು ಬಲಕ್ಕೆ. ಎದುರುಬದುರಾಗಿ ಬಂದರೆ ಎರಡಕ್ಕೂ ರಸ್ತೆಯ ಒಂದೇ ಬದಿಯ ಅಂಗಡಿಗೆ ಹೋಗಬೇಕು. ಡಾಕ್ಟ್ರು ಎರಡು ದಿನದಲ್ಲಿ ಅಭ್ಯಾಸ ಮಾಡಿಕೊಂಡರು, ಬ್ರೇಕ್ ಮೆಟ್ಟುವಾಗ ಸ್ಟೇರಿಂಗನ್ನು ಬಲಕ್ಕೆ ಒಂದು ಜಗ್ಗು. ಆ ಜಗ್ಗು ಬೇರೆಯವರಿಗೆ ಕಲಿಸ್ತಿದ್ದರು ಕೂಡ, ದೊಡ್ಡ ವಿದ್ಯೆಯ ಹಾಗೆ. ಬಾಯಿಗೆ ಮಾತ್ರ ಯಾರೂ ಹೇಳಲಿಲ್ಲ. "ಹೊಸ ಪಾರ್ಟ್ ಹಾಕಿದ್ದೇವೆ" ಅಂದೆವು, ಅಷ್ಟೇ. ಸುಳ್ಳಲ್ಲ. ಆದರೆ ಸತ್ಯ ಅಂತ ಅದಕ್ಕೆ ಮಾರ್ಕ್ ಕೊಡಲಿಕ್ಕೆ ಆಗ್ತದಾ?

ಮದುವೆಯ ಹಿಂದಿನ ದಿನ ಗಾಡಿ ಕೊಡಲಿಕ್ಕೆ ನಾನೇ ಹೋದೆ. ಬಿಕರ್ನಕಟ್ಟೆಯ ಮನೆಯಲ್ಲಿ ರೋಸ್‌ನ ಗಡಿಬಿಡಿ. ಅದೇ, ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಒಳಗೆ ಹೆಂಗಸರ ಹಾಡು, ಹೊರಗೆ ತೆಂಗಿನಕಾಯಿ ತುರಿಯುವ ಸದ್ದು. ಬಾಯಿ ಸೆರಗು ಸಿಕ್ಕಿಸಿ, "ಕುಳಿತುಕೋ ಪುತಾ, ಒಂದು ಸುತ್ತು ಹೋಗಿ ಬರುವ" ಅಂದರು. ಇಳಿಜಾರಿನಲ್ಲಿ ಎದುರಿನಿಂದ ಲಾರಿ ಬಂತು, ಬಾಯಿ ಬ್ರೇಕ್ ಮೆಟ್ಟಿದರು, ಗಾಡಿ ಮೂತಿ ತಿರುಗಿಸಿ ಸೀದಾ ಲಾರಿಯ ಕಡೆಗೆ! ಹೇಗೋ ಎಳೆದು ನಿಲ್ಲಿಸಿದರು. ಲಾರಿಯವ ನಮ್ಮ ಇಡೀ ವಂಶವನ್ನು ಎರಡು ಭಾಷೆಯಲ್ಲಿ ನೆನೆಸಿ ಹೋದ. ಬಾಯಿ ಎಂಜಿನ್ ಆಫ್ ಮಾಡಿದರು. ಶಾಲೆಯಲ್ಲಿ ಪೋಕರಿಗಳನ್ನು ವಿಚಾರಿಸುವ ಸ್ವರದಲ್ಲಿ, ಮೆಲ್ಲಗೆ, "ಎಡಗಡೆಗೆ ಎಂತ ಹಾಕಿದ್ದು?"

"ಹಳೆಯದೇ ಬಾಯೀ. ಹಿತ್ತಾಳೆ ಹಾಕಿ..."

"ಜೋಡಿಯ ಇನ್ನೊಂದು?"

"ಡಾಕ್ಟ್ರ ಗಾಡಿಯಲ್ಲಿ."

"ಪುಸ್ತಕದಲ್ಲಿ ಎಂತ ಉಂಟು?"

"ಎರಡೂ ಬದಿ ಒಟ್ಟಿಗೆ ಹಾಕಬೇಕು ಅಂತ."

"ಓದಿ ಹೇಳಿದ್ದು ಯಾರು?"

"ನಾನು."

"ಹಾಕಿದ್ದು?"

ನಾನು ಬಾಗಿಲು ತೆಗೆದು ಇಳಿದು, ಎಡಬದಿಯ ಮುಂದಿನ ಚಕ್ರದ ಹತ್ತಿರ ಕೂತು ಅದನ್ನೇ ನೋಡಿದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿ ಜನ ಸೇರಿತು. ಸಂಜೀವಣ್ಣನೂ ಬಂದರು, ಫ್ರಾನ್ಸಿಸನೂ ಬಂದ. ಡಾಕ್ಟ್ರಂತೂ ರೋಸ್‌ನ ಊಟಕ್ಕೆ ಅಂತ ಮೊದಲೇ ಬಂದು ಕೂತಿದ್ದರು. ಎಲ್ಲರೂ ಬಾಯಿಗೆ ಪಾಠ ಹೇಳುವವರೇ. "ನಿಧಾನ ಹೋದರೆ ಆಯಿತು ಬಾಯೀ." "ನಾನೇ ಓಡಿಸ್ತೇನೆ, ಎಡಕ್ಕೆ ಒಂದು ಜಗ್ಗು ಕೊಟ್ಟರೆ ಸರಿ ಆಗ್ತದೆ" ಅಂದರು ಸಂಜೀವಣ್ಣ. ಫ್ರಾನ್ಸಿಸ್ ಡಾಕ್ಟ್ರ ಹತ್ತಿರ ಹೋಗಿ, ಒಂದು ದಿನಕ್ಕೆ ನಿಮ್ಮದನ್ನು ಬಿಚ್ಚಿ ಕೊಡಬಹುದಾ ಅಂತ ಕೇಳಿದ. "ನಾಳೆ ಶನಿವಾರ ಅಲ್ವಾ, ಹೊಳೆ ದಾಟಿ ಉಳ್ಳಾಲಕ್ಕೆ ಹೋಗಬೇಕು. ಬರುವಾಗ ಇಬ್ಬರು ರೋಗಿಗಳನ್ನು ಆಸ್ಪತ್ರೆಗೆ ಕರಕೊಂಡು ಬರಲಿಕ್ಕೆ ಉಂಟು" ಅಂದರು ಡಾಕ್ಟ್ರು. ಬಾಯಿ ಅವರನ್ನೇ ನೋಡಿದರು. "ರೋಗಿಗಳನ್ನು ಇದೇ ಗಾಡಿಯಲ್ಲಿ? ಆ ಜಗ್ಗಿನಲ್ಲಿ? ಸೇತುವೆಯ ಮೇಲೆ?" ಡಾಕ್ಟ್ರು ಕೈಯಲ್ಲಿದ್ದ ಇಡ್ಲಿಯಂಥ ಸನ್ನಾವನ್ನು ತಟ್ಟೆಗೆ ಇಟ್ಟರು. ಊಟದ ನಡುವೆ ಅವರು ಕೈ ನಿಲ್ಲಿಸಿದ್ದನ್ನು ಊರಿನವರು ನೋಡಿದ್ದು ಅದೇ ಮೊದಲು.

ಬಾಯಿ ನನ್ನ ಕಡೆ ತಿರುಗಿ, "ಪುತಾ, ನನ್ನದನ್ನು ಬಿಚ್ಚು. ಈಗಲೇ. ಡಾಕ್ಟ್ರ ಗಾಡಿಗೆ ಹಾಕಿ ಜೋಡಿ ಮಾಡು" ಅಂದರು.

ಲವೀನಾ ಒಳಗಿಂದ ಓಡಿ ಬಂದಳು, ಕೂದಲಿಂದ ತೆಂಗಿನಹಾಲು ಇಳೀತಾ ಉಂಟು. "ಮಮ್ಮೀ, ನೀವು ಮಾತು ಕೊಟ್ಟಿದ್ದಿರಿ! ಪಪ್ಪನ ಗಾಡಿಯಲ್ಲಿ ಅಂತ ಹೇಳಿದ್ದಿರಿ!" ಅತ್ತಳು. ನಿಜವಾಗಿ ಅತ್ತಳು, ಹಾಡುವ ಹೆಂಗಸರು ಹಾಡು ನಿಲ್ಲಿಸಿದರು. ಬಾಯಿ ಸೆರಗಿನ ತುದಿಯಲ್ಲಿ ಮಗಳ ಹಣೆಯ ತೆಂಗಿನಹಾಲು ಒರೆಸಿದರು. "ನಿನ್ನ ಪಪ್ಪ ಈ ಗಾಡಿಗೆ ಹೆದರ್ತಿದ್ದರು ಲವೀನಾ. ಹೆದರಿದ್ದಕ್ಕೇ ಅದು ಅಷ್ಟು ವರ್ಷ ಓಡಿದ್ದು. ಒಳಗೆ ಹೋಗು, ಶೀತ ಆಗ್ತದೆ" ಅಂದರು. ನಾನು ಸಿಲಿಂಡರ್ ಬಿಚ್ಚಿದೆ. ಬೆಳಕಿರುವಾಗಲೇ ಡಾಕ್ಟ್ರ ಗಾಡಿಗೆ ಹಾಕಿ, ಪೈಪಿನ ಗಾಳಿ ತೆಗೆದು, ಓಡಿಸಿ ನೋಡಿದೆವು. ಬ್ರೇಕ್ ಹಾಕಿದರೆ ಗಾಡಿ ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತು. ಡಾಕ್ಟ್ರು ಮಾತ್ರ ಅಭ್ಯಾಸ ಬಲದಿಂದ ಬಲಕ್ಕೆ ಜಗ್ಗಿ ಯಾರದ್ದೋ ಬೇಲಿಗೆ ಮುಟ್ಟಿಸಿದರು, ಅದು ಬೇರೆ.

ಮರುದಿನ ಬೆಳಿಗ್ಗೆ ನಾನು ಇದ್ದೊಂದು ಬಿಳಿ ಅಂಗಿ ಹಾಕಿ ಮದುವೆಗೆ ಹೋದೆ. ಬಾಯಿಯ ಗೇಟಿನ ಮುಂದೆ ಮೂರು ಅಂಬಾಸಿಡರ್ ಸಾಲಾಗಿ ನಿಂತಿವೆ, ನೆಂಟರದ್ದು, ಹೂವು ಕಟ್ಟಿ. ಎಲ್ಲರೂ "ನಮ್ಮದರಲ್ಲಿ ಬನ್ನಿ, ನಮ್ಮದರಲ್ಲಿ ಬನ್ನಿ" ಅಂತ ಬಾಗಿಲು ತೆಗೆದು ನಿಂತಿದ್ದಾರೆ. ಬಾಯಿ ಮೊದಲನೇ ಗಾಡಿಯ ಹತ್ತಿರ ಹೋಗಿ ಕೇಳಿದರು, "ಬ್ರೇಕ್ ಕೊನೆಗೆ ಮಾಡಿಸಿದ್ದು ಯಾವಾಗ? ಎರಡೂ ಬದಿ ಒಟ್ಟಿಗೆ ಹಾಕಿಸಿದ್ದಾ?" ಅವನು ಹೂವಿನ ಮಾಲೆ ಸರಿ ಮಾಡಲಿಕ್ಕೆ ಶುರು ಮಾಡಿದ. ಎರಡನೆಯವನು ನನ್ನನ್ನು ನೋಡಿದ, ನಾನು ತೆಂಗಿನಮರ ನೋಡಿದೆ. ಮೂರನೆಯವನು ಪ್ರಾಮಾಣಿಕ, "ಅದೆಲ್ಲ ಯಾರು ನೋಡ್ತಾರೆ ಬಾಯೀ" ಅಂದ. ಬಾಯಿ ಮೂರು ಬಾಗಿಲನ್ನೂ ಒಂದೊಂದಾಗಿ ತಾವೇ ಮುಚ್ಚಿದರು. ಕೊಡೆ ಬಿಚ್ಚಿದರು. ಮಗಳ ಬಿಳಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು, ಇಗರ್ಜಿಯ ಇಳಿಜಾರಿನಲ್ಲಿ ಅವಳನ್ನು ನಡೆಸಿಕೊಂಡೇ ಹೋದರು.